ಸಮಯ ಬರೆಯದ ನಿಧನ ವಾರ್ತೆ

ನಮ್ಮ ಪತ್ರಿಕೆಯ ಜಾಲತಾಣದಲ್ಲಿ ಒಂದು ಬೆಳಿಗ್ಗೆ ತಪ್ಪು ಸಮಯ ಕಾಣಿಸಿತು. ಅದನ್ನು ಓದಿದ ತಿಕೋಟಾದ ಒಬ್ಬ ಅಣ್ಣ, ಮಮದಾಪುರದಲ್ಲಿ ತೀರಿಕೊಂಡ ತಂಗಿಯ ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಹೋಗದೆ ಮನೆಯಲ್ಲೇ ಉಳಿದರು. ಆ ಸಮಯವನ್ನು ಯಾರೂ ಬರೆದಿರಲಿಲ್ಲ. ಸುದ್ದಿ ತಿಳಿಸಿದವರು ಹೇಳಿರಲಿಲ್ಲ, ಡೆಸ್ಕಿನಲ್ಲಿ ಕೂತ ನಾವು ಸೇರಿಸಿರಲಿಲ್ಲ. ಅದು ಎಲ್ಲಿಂದ ಬಂತು, ಬಂದದ್ದು ತಿಳಿದ ಮೇಲೆ ಏನಾಯಿತು ಎಂಬುದನ್ನು ನಡೆದ ಕ್ರಮದಲ್ಲಿ, ಪತ್ರಿಕೆಯ ಹೊರಗೆ, ಯಾರ ಹೆಸರೂ ಹೇಳದೆ ಇಲ್ಲಿ ದಾಖಲಿಸುತ್ತಿದ್ದೇನೆ.

ನಮ್ಮದು ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಕಟ್ಟಡದ ಮಹಡಿಯಿಂದ ಹೊರಡುವ ಜಿಲ್ಲಾ ದಿನಪತ್ರಿಕೆ. ನಾನು ಸುದ್ದಿ ಡೆಸ್ಕಿನ ಮುಖ್ಯಸ್ಥ. ಜಾಲತಾಣದ ಹೊಣೆಯೂ ನನ್ನದೇ ಆಗಿತ್ತು, ಏಕೆಂದರೆ ಬೇರೆ ಯಾರೂ ಅದನ್ನು ಒಪ್ಪಿಕೊಂಡಿರಲಿಲ್ಲ. ಅದರಲ್ಲಿ ಜನ ತಪ್ಪದೆ ತೆರೆದು ನೋಡುತ್ತಿದ್ದ ಪುಟ ಒಂದೇ, ನಿಧನ ವಾರ್ತೆ. ನಮ್ಮ ಕಡೆ ತೀರಿಕೊಂಡವರ ಮಣ್ಣು ಹೆಚ್ಚಾಗಿ ಅದೇ ದಿನ ಆಗುತ್ತದೆ. ಮರುದಿನ ಬಾಗಿಲಿಗೆ ಬಂದು ಬೀಳುವ ಪತ್ರಿಕೆ ಅಷ್ಟು ಹೊತ್ತಿಗೆ ಯಾರ ಉಪಯೋಗಕ್ಕೂ ಬರುವುದಿಲ್ಲ. ಹೀಗಾಗಿ ಬೆಳಿಗ್ಗೆ ಫೋನಿನಲ್ಲಿ ಬಂದ ಸುದ್ದಿಯನ್ನು ತಾಸಿನೊಳಗೆ ಪುಟಕ್ಕೆ ಏರಿಸುತ್ತಿದ್ದೆವು. ತಿಕೋಟಾ, ಬಬಲೇಶ್ವರ ಕಡೆಯ ಬಂಧುಬಳಗದ ವಾಟ್ಸಾಪ್ ಗುಂಪುಗಳಲ್ಲಿ ಅದು ಓಡಾಡುತ್ತಿತ್ತು.

ಈ ಪುಟಕ್ಕೆ ಡೆಸ್ಕಿನಲ್ಲಿ ಮೊದಲಿನಿಂದ ನಡೆದುಬಂದ ಒಂದು ಪದ್ಧತಿ ಇತ್ತು. ಮನೆಯವರು ಮಣ್ಣಿನ ಸಮಯ ಹೇಳದಿದ್ದರೆ ನಾವು ಕೇಳುವುದಿಲ್ಲ, ಅಂದಾಜು ಹಾಕುವುದಿಲ್ಲ, ಆ ಜಾಗದಲ್ಲಿ ಏನೂ ಬರೆಯುವುದಿಲ್ಲ. ಗಂಡನ ಮನೆಯಲ್ಲಿ ಹೆಣ್ಣುಮಗಳು ತೀರಿಕೊಂಡರೆ ಉಡಿಸುವ ಕೊನೆಯ ಸೀರೆಯನ್ನು ತವರಿನವರು ತರಬೇಕು. ಅವರು ಬರುವವರೆಗೆ ದೇಹವನ್ನು ಕೂರಿಸಿ ಕಾಯುತ್ತಾರೆ, ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತಾರೋ ತಿಳಿಯದು. ಅದಕ್ಕೆ ಮನೆಯವರು ಸಮಯ ಬರೆಸುವುದಿಲ್ಲ. ಸಮಯವಿಲ್ಲದ ವಾರ್ತೆ ಓದಿದವರಿಗೆ, ತವರಿನವರಿಗಾಗಿ ಕಾಯುತ್ತಿದ್ದಾರೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಹಾಗೆಂದು ಬಿಡಿಸಿ ಬರೆದರೆ ಜನರಿಗೆ ಹಿಡಿಸುವುದಿಲ್ಲ. ತಡವಾದವರನ್ನು ಊರ ಮುಂದೆ ಎತ್ತಿ ಆಡಿದಂತಾಗುತ್ತದೆ.

ಕೆಲಸ ಶುರುವಾದದ್ದು ಸಂಪಾದಕರ ಮಾತಿನಿಂದ. ಪತ್ರಿಕೆಯ ಮಾಲೀಕರೂ ಅವರೇ.

"ವಯಸ್ಸಾದವರಿಗೆ ಪುಟ ತೆಗದು, ಊರು ಹುಡುಕಿ, ಹೆಸರು ಹುಡುಕೂದು ಆಗೂದಿಲ್ರಿ," ಎಂದರು. "ಪ್ರತಿ ಸುದ್ದಿ ಕೆಳಗ ಒಂದು ಬಟನ್ ಹಾಕಸ್ರಿ. ಒತ್ತಿದ್ರ ಹೆಸರು, ಊರು, ಟೈಮ್ ಎಲ್ಲಾ ವಾಟ್ಸಾಪ್ ಗುಂಪಿಗೆ ಮೆಸೇಜ್ ಆಗಿ ಹೋಗಬೇಕು. ಇನ್ನೊಂದು, ಟೈಮ್ ಇಲ್ಲದ ಸುದ್ದಿ ಒಳಗೂ 'ಸಮಯ' ಅಂತ ಬಂದು ಮುಂದ ಖಾಲಿ ಕಾಣತೈತಿ. ಅದನ್ನ ನೋಡಿ ನಿಮ್ಮದು ಬಿಟ್ಟುಹೋಗೇತಿ ಅಂತ ಮಂದಿ ಫೋನ್ ಮಾಡ್ತಾರ. ಅದೂ ಹೋಗಬೇಕು."

ನಮ್ಮ ಪುಟ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಕಟ್ಟಿದ ಹಳೆಯ ಪುಟ. ಅದನ್ನು ಕಟ್ಟಿದವರು ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಗೋಳಗುಮ್ಮಟದ ಹತ್ತಿರ ಕಂಪ್ಯೂಟರ್ ತರಗತಿ ನಡೆಸುವ, ಮೂಲ ಬಬಲೇಶ್ವರದವರಾದ ಒಬ್ಬ ಹೆಣ್ಣುಮಗಳು ಬಿಡುವಿನ ವೇಳೆಯಲ್ಲಿ ಬಂದು ಅದನ್ನು ನೋಡಿಕೊಳ್ಳುತ್ತಿದ್ದರು. ಇಲ್ಲಿ ಅವರನ್ನು ಪ್ರೋಗ್ರಾಮರ್ ಎಂದು ಕರೆಯುತ್ತೇನೆ.

ಜಾವಾ ಪುಟಗಳಲ್ಲಿ ನಮಗೆ ಬೇಕಾದ ಟ್ಯಾಗುಗಳನ್ನು, ಅಂದರೆ ಕೋನಾಕಾರದ ಆವರಣದೊಳಗೆ ಬರೆಯುವ ಪುಟ್ಟ ಆದೇಶಗಳನ್ನು, ನಾವೇ ಮಾಡಿಕೊಳ್ಳಬಹುದು. ಮಣ್ಣಿನ ಸಮಯಕ್ಕೆಂದೇ ನಮ್ಮಲ್ಲಿ ಅಂಥ ಒಂದು ಟ್ಯಾಗ್ ಇತ್ತು. ಪುಟದಲ್ಲಿ ಅದನ್ನು ಎಲ್ಲಿ ಇಟ್ಟಿರುತ್ತೇವೋ ಅಲ್ಲಿ ಆ ವಾರ್ತೆಯ ಸಮಯವನ್ನು ತಂದು ನೇರವಾಗಿ ಮುದ್ರಿಸಿಬಿಡುವುದು ಅದರ ಕೆಲಸ. ತೊಡಕು ಇದ್ದದ್ದು ಅಲ್ಲೇ. ಟ್ಯಾಗ್ ಮುದ್ರಿಸಿದ್ದು ಓದುಗರಿಗೆ ಕಾಣುತ್ತದೆ, ಪುಟಕ್ಕೆ ತಿಳಿಯುವುದಿಲ್ಲ. ಸಮಯ ಬಂತೋ ಇಲ್ಲವೋ, ಬಂದರೆ ಎಷ್ಟು ಎಂಬುದು ಪುಟಕ್ಕೆ ಗೊತ್ತಾಗಬೇಕಾದರೆ ಟ್ಯಾಗಿನ ಉತ್ತರ ಒಂದು ವೇರಿಯಬಲ್‌ಗೆ, ಅಂದರೆ ಹೆಸರು ಬರೆದಿಟ್ಟ ಒಂದು ಡಬ್ಬಿಗೆ, ಬೀಳಬೇಕು. ಆಮೇಲೆ ಆ ಡಬ್ಬಿಯಲ್ಲಿರುವುದನ್ನು ಮೆಸೇಜಿಗೂ ಹಾಕಬಹುದು, ಖಾಲಿ ಇದ್ದರೆ 'ಸಮಯ' ಎಂಬ ಪದವನ್ನೇ ಕೈಬಿಡಬಹುದು.

ಪ್ರೋಗ್ರಾಮರ್ ಮೊದಲು ಸುಲಭದ ದಾರಿ ಹಿಡಿದರು. ಬಟನ್ನಿನ ಕೊಂಡಿಯನ್ನು ಕಟ್ಟುವುದಕ್ಕೆ ಇನ್ನೊಂದು ಟ್ಯಾಗ್ ಇತ್ತು. ಅದರ ಉದ್ಧರಣ ಚಿಹ್ನೆಗಳ ನಡುವೆ ಸಮಯದ ಟ್ಯಾಗನ್ನು ಹಾಗೆಯೇ ಬರೆದು ನೋಡಿದರು. ಒಂದು ಟ್ಯಾಗಿನ ಹೊಟ್ಟೆಯಲ್ಲಿ ಹೀಗೆ ಇಟ್ಟ ಇನ್ನೊಂದು ಟ್ಯಾಗ್ ಕೆಲಸ ಮಾಡುವುದಿಲ್ಲ. ಪರೀಕ್ಷೆಗೆ ನನ್ನ ಫೋನಿಗೆ ಬಂದ ಮೆಸೇಜಿನಲ್ಲಿ ಸಮಯದ ಬದಲು ಟ್ಯಾಗೇ ತನ್ನ ಕೋನಗಳ ಸಮೇತ ಬಂದು ಕೂತಿತ್ತು.

"ಇದನ್ನ ಹಿಂಗ ಬಿಟ್ರ ಸತ್ತವರ ಮನಿ ಮಂದಿ ನಮ್ಮ ಮನಿಗೆ ಬರ್ತಾರ ನೋಡವಾ," ಎಂದೆ.

"ಬರ್ಲಿ ಬಿಡ್ರಿ ಸರ್, ಬಂದ್ರ ಚಹಾ ಕುಡಸೂಣು," ಎಂದು ಅವರು ತಲೆ ಎತ್ತದೆ ಉತ್ತರ ಕೊಟ್ಟರು.

ಎರಡನೆಯ ದಾರಿ ಸರಿಯಾದದ್ದೇ ಆಗಿತ್ತು. ಡಬ್ಬಿಗೆ ತುಂಬಿಸುವುದಕ್ಕೆ ಜಾವಾ ಪುಟಗಳಲ್ಲಿ ಸಿದ್ಧವಾದ ಒಂದು 'ಸೆಟ್' ಟ್ಯಾಗ್ ಇದೆ. ಅದನ್ನು ತೆರೆದು, ಒಳಗೆ ನಮ್ಮ ಟ್ಯಾಗ್ ಇಟ್ಟು ಮುಚ್ಚಿದರೆ, ಒಳಗೆ ಮುದ್ರಣವಾಗಬೇಕಿದ್ದದ್ದೆಲ್ಲ ಪುಟಕ್ಕೆ ಹೋಗದೆ ಡಬ್ಬಿಗೆ ಬೀಳುತ್ತದೆ. ಬಿತ್ತು. ಆದರೆ ಸಮಯವಿಲ್ಲದ ವಾರ್ತೆಗಳಲ್ಲೂ 'ಸಮಯ' ಎಂಬ ಪದ ಉಳಿದೇ ಇತ್ತು. ನಮ್ಮ ಹಳೆಯ ಟ್ಯಾಗ್ ಹೇಳುವುದಕ್ಕೆ ಏನೂ ಇಲ್ಲದಾಗಲೂ ಖಾಲಿ ಜಾಗದ ಒಂದು ಸಂಕೇತವನ್ನು ಉಗುಳುತ್ತಿತ್ತು. ಕಣ್ಣಿಗೆ ಅದು ಏನೂ ಅಲ್ಲ. ಪುಟದ ಲೆಕ್ಕದಲ್ಲಿ ಡಬ್ಬಿ ತುಂಬಿದೆ. ಆ ಸಂಕೇತವನ್ನು ಕತ್ತರಿಸುವ ಒಂದು ಸಾಲು ಸೇರಿಸಿದ ಮೇಲೆ ಅದು ಸರಿಹೋಯಿತು.

ಸರಿಹೋಗದೆ ಉಳಿದದ್ದು ಅಕ್ಷರ. ಟ್ಯಾಗ್ ಬರೆದ ಕಾಲದಲ್ಲಿ ಕನ್ನಡ ಎಲ್ಲ ಕಂಪ್ಯೂಟರುಗಳಲ್ಲಿ ನೆಟ್ಟಗೆ ಕಾಣುತ್ತಿರಲಿಲ್ಲ. ಅದಕ್ಕೆ ಹಳಬರು ಪ್ರತಿ ಕನ್ನಡ ಅಕ್ಷರವನ್ನೂ ಒಂದು ಸಂಖ್ಯೆಯನ್ನಾಗಿ ಮಾಡಿ ಹೊರಗೆ ಕಳಿಸುತ್ತಿದ್ದರು. ಪುಟ ತೆರೆದವರಿಗೆ ಆ ಸಂಖ್ಯೆಗಳು ಮತ್ತೆ ಅಕ್ಷರಗಳಾಗಿ ಕಾಣುತ್ತವೆ. ಮೆಸೇಜಿನಲ್ಲಿ ಹಾಗಾಗುವುದಿಲ್ಲ. 'ಬೆಳಿಗ್ಗೆ' ಎಂದು ಇರಬೇಕಾದಲ್ಲಿ ನನ್ನ ಫೋನಿನಲ್ಲಿ ಅಂಕಿಗಳ ಸಾಲು ಬಂದಿತ್ತು. ಮುದ್ರಣಕ್ಕೆಂದು ತಯಾರಾದದ್ದನ್ನು ಹಿಡಿದಿಟ್ಟುಕೊಂಡರೆ ಅದು ಮುದ್ರಣಕ್ಕೆ ಮಾತ್ರ ಸಲ್ಲುತ್ತದೆ ಎಂದು ಪ್ರೋಗ್ರಾಮರ್ ವಿವರಿಸಿದರು. ಟ್ಯಾಗನ್ನೇ ಬದಲಿಸಬೇಕು, ಮುದ್ರಿಸುವ ಬದಲು ಮೂಲದಲ್ಲಿದ್ದುದನ್ನು ಇದ್ದಂತೆಯೇ ತಾನಾಗಿ ಡಬ್ಬಿಗೆ ಹಾಕುವಂತೆ.

ಅವರು ಅದನ್ನು ಬರೆಯುವಾಗ ಒಂದು ಪ್ರಶ್ನೆ ಕೇಳಿದರು. "ಟೈಮ್ ಇಲ್ಲದ ಸುದ್ದಿಗೆ ಏನ್ ಮಾಡ್ಲಿ ಸರ್? 'ತಿಳಿಸಲಾಗುವುದು' ಅಂತ ಹಾಕ್ಲೇನು?"

"ಬ್ಯಾಡ. ಟೈಮ್ ಇಲ್ಲಂದ್ರ ಏನೂ ಬರಿಬ್ಯಾಡ," ಎಂದೆ. ಡೆಸ್ಕಿನ ಪದ್ಧತಿ ಅದು. ಪದ್ಧತಿಯ ಕಾರಣ ಅವರಿಗೆ ಹೇಳುವ ಅಗತ್ಯವೇ ಇರಲಿಲ್ಲ. "ಹೌದ್ರಿ, ತವರುಮನಿಯವರು ಬರೂತನಕ ಯಾರ್ ಟೈಮ್ ಹೇಳ್ತಾರ," ಎಂದು ತಾವೇ ಹೇಳಿ ಮುಂದುವರಿಸಿದರು.

ಪರೀಕ್ಷೆಗೆ ಕೆಲವು ಸುಳ್ಳು ವಾರ್ತೆಗಳನ್ನು ಏರಿಸಿದೆವು. ಪುಟದಲ್ಲಿ ಆಮೇಲೆ ಬಂದ ವಾರ್ತೆ ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಸಮಯವಿಲ್ಲದ ವಾರ್ತೆಯನ್ನು ಕೊನೆಗೆ ಏರಿಸಿದ್ದರಿಂದ ಅದು ಮೇಲೆ ಇತ್ತು. ಅದರಲ್ಲಿ 'ಸಮಯ' ಎಂಬ ಪದ ಇರಲಿಲ್ಲ. ಕೆಳಗಿನವುಗಳಲ್ಲಿ ಅವವುಗಳ ಸಮಯ ಸರಿಯಾಗಿ ಇತ್ತು. ಬಟನ್ ಒತ್ತಿದರೆ ಶುದ್ಧ ಕನ್ನಡದಲ್ಲಿ ಮೆಸೇಜ್ ಬಂತು. ಸಂಪಾದಕರು ತಮ್ಮ ಫೋನಿನಲ್ಲಿ ಒತ್ತಿ ನೋಡಿ ಒಪ್ಪಿದರು. ಹೊಸ ಪುಟವನ್ನು ಓದುಗರಿಗೆ ತೆರೆದೆವು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಮುಂಜಾನೆ ಡೆಸ್ಕಿಗೆ ಮಮದಾಪುರದಿಂದ ಫೋನ್ ಬಂತು. ಮಾತಾಡಿದವರು ಹಿಂದಿನ ದಿನ ತಾಯಿಯನ್ನು ಮಣ್ಣು ಮಾಡಿದ ಮಗ.

"ಹನ್ನೊಂದಕ್ಕ ಮಣ್ಣು ಅಂತ ಹಾಕೀರಲ್ಲ, ಯಾರ್ ಹೇಳ್ಯಾರ ನಿಮಗ?"

ಹೇಳಿದವರು ಯಾರೆಂದು ನೋಡಿ ತಿಳಿಸುತ್ತೇನೆ ಎಂದೆ.

"ನಾನ ಹೇಳಿದ್ದು ನಿಮಗ ಸುದ್ದಿ. ಟೈಮ್ ನಕ್ಕಿ ಆಗಿಲ್ಲ ಅಂತ ಬಿಟ್ಟಿದ್ದೆ. ಹನ್ನೊಂದಕ್ಕ ಅಂತ ಬೀಗರು ಓಡಿ ಬಂದು, ಇನ್ನಾ ಯಾಕ ಎತ್ತಿಲ್ಲ ಅಂತ ನನ್ನನ್ನ ಕೇಳಾಕತ್ರು. ಯಾರಿಗೇನ್ ಹೇಳ್ಲಿ ನಾ? ಅತ್ತಾಗ ಸ್ವಾದರಮಾವನ ಸುದ್ದಿಲ್ಲ, ಫೋನ್ ಬಂದ್. ಹೊತ್ತು ಇಳಿಯೂತನಕ ಕಾದು ಮನ್ಯಾಗಿನ ಸೀರಿ ಉಡಿಸಿ ಮಣ್ಣ ಮಾಡಿದ್ವಿ."

ಅವರ ಸೋದರಮಾವ ಯಾವ ಊರಿನವರು ಎಂದು ಕೇಳಿದೆ. ತಿಕೋಟಾ ಎಂದು ಹೇಳಿ ಫೋನ್ ಇಟ್ಟರು.

ನಮ್ಮ ಸಂಗ್ರಹದಲ್ಲಿ ಆ ವಾರ್ತೆಯ ಸಮಯದ ಜಾಗ ಖಾಲಿಯೇ ಇತ್ತು. ಪುಟ ತೆರೆದರೆ ಮಾತ್ರ ಅಲ್ಲಿ 'ಬೆಳಿಗ್ಗೆ ಹನ್ನೊಂದು' ಎಂದು ಇತ್ತು. ಅದರ ನೇರ ಮೇಲೆ, ಅದಾದ ಮೇಲೆ ಬಂದ ಬೇರೊಬ್ಬರ ವಾರ್ತೆ ಇತ್ತು. ಅವರ ಮಣ್ಣಿನ ಸಮಯವೂ ಬೆಳಿಗ್ಗೆ ಹನ್ನೊಂದು. ಎರಡನ್ನೂ ಒಟ್ಟಿಗೆ ನೋಡಿದ ಮೇಲೆ ಸಮಯ ಎಲ್ಲಿಂದ ಬಂದಿದೆ ಎಂಬುದು ತಿಳಿಯಿತು. ಹೇಗೆ ಬಂದಿದೆ ಎಂಬುದು ತಿಳಿಯಲಿಲ್ಲ. ಪ್ರೋಗ್ರಾಮರನ್ನು ಕರೆಸಿದೆ.

ಅವರು ಟ್ಯಾಗಿನ ಸಾಲುಗಳನ್ನು ಓದುತ್ತ ಹೋದರು. ಒಂದು ಕಡೆ ನಿಂತರು.

"ಟೈಮ್ ಇಲ್ಲಂದ್ರ ಏನೂ ಬರಿಬ್ಯಾಡ ಅಂದಿದ್ರಿ ಸರ್."

"ಹೌದು."

"ಟ್ಯಾಗ್ ಹಂಗ ಮಾಡೇತ್ರಿ. ಏನೂ ಬರದಿಲ್ಲ. ಡಬ್ಬಿ ಖಾಲಿ ಅಂತನೂ ಬರದಿಲ್ಲ. ಮ್ಯಾಲಿನ ಸುದ್ದಿ ಟೈಮ್ ಅದರಾಗ ಕುಂತಿತ್ತು. ಹಂಗ ಉಳಿದುಬಿಟ್ಟೇತಿ."

ಪುಟ ವಾರ್ತೆಗಳನ್ನು ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದು ಜೋಡಿಸುತ್ತದೆ. ಎಲ್ಲಕ್ಕೂ ಡಬ್ಬಿ ಒಂದೇ. ಸಮಯವಿರುವ ವಾರ್ತೆ ಬಂದಾಗ ಹಳೆಯದು ಹೋಗಿ ಹೊಸದು ಬೀಳುತ್ತದೆ. ಸಮಯವಿಲ್ಲದ ವಾರ್ತೆ ಬಂದಾಗ ನಮ್ಮ ಟ್ಯಾಗ್ ಡಬ್ಬಿಯನ್ನು ಮುಟ್ಟುತ್ತಲೇ ಇರಲಿಲ್ಲ. ಪರೀಕ್ಷೆಯಲ್ಲಿ ಅಂಥ ವಾರ್ತೆ ಎಲ್ಲಕ್ಕಿಂತ ಮೇಲಿದ್ದುದರಿಂದ ಅದಕ್ಕೂ ಮೊದಲು ಡಬ್ಬಿಗೆ ಬಿದ್ದದ್ದು ಏನೂ ಇರಲಿಲ್ಲ. ಮಮದಾಪುರದ ವಾರ್ತೆಯೂ ಬೆಳಿಗ್ಗೆ ಮೊದಲು ಏರಿದಾಗ ಮೇಲೆಯೇ ಇತ್ತು, ಸಮಯವಿಲ್ಲದೆ ಸರಿಯಾಗಿಯೇ ಇತ್ತು. ಇನ್ನೊಂದು ವಾರ್ತೆ ಬಂದು ಅದರ ಮೇಲೆ ಕೂತ ಗಳಿಗೆಯಿಂದ ಅದು ಕೆಟ್ಟಿತು. ಮೊದಲು ನೋಡಿ ಆಮೇಲೆ ಮತ್ತೆ ನೋಡಿದವರಿಗೆ, ಮನೆಯವರು ನಡುವೆ ಸಮಯ ನಿಶ್ಚಯಿಸಿ ತಿಳಿಸಿದ್ದಾರೆ ಎಂದೇ ಕಾಣುತ್ತದೆ.

ತಿದ್ದುವುದಕ್ಕೆ ಒಂದೇ ಸಾಲು ಸಾಕಾಯಿತು. ಪ್ರತಿ ವಾರ್ತೆಗೂ ಟ್ಯಾಗ್ ತನ್ನ ಕೆಲಸ ಶುರುಮಾಡುವ ಮೊದಲು ಡಬ್ಬಿಯಲ್ಲಿರುವುದನ್ನು ತೆಗೆದುಹಾಕಬೇಕು. ತರಲು ಹೇಳಿದ್ದ ಚಹಾ ಬರುವುದರೊಳಗೆ ಅದು ಮುಗಿದಿತ್ತು. ಯಾರೂ ಕುಡಿಯಲಿಲ್ಲ.

ಸಂಪಾದಕರಿಗೆ ಎಲ್ಲವನ್ನೂ ತಿಳಿಸಿದೆ. ತಿದ್ದುಪಡಿ ಹಾಕಬೇಕು, ಅದಕ್ಕೆ ಮೊದಲು ಎರಡೂ ಮನೆಗಳಿಗೆ ಹೋಗಬೇಕು ಎಂದೆ.

"ಪುಟ ಸರಿ ಮಾಡೀವಲ್ಲ. ಒಂದು ಸಾಲು ವಿಷಾದ ಹಾಕಿ ಬಿಡ್ರಿ," ಎಂದರು. "ಮಣ್ಣಾದಮ್ಯಾಲೆ ಹೋಗಿ ಏನ್ ಹೇಳಾವ್ರು ನೀವು? ಅದ ಒಂದು ದೊಡ್ಡ ಜಗಳ ಆಗಿ ನಮ್ಮ ಮ್ಯಾಲೆ ಬರತೈತಿ."

ಅವರ ಮಾತು ಅವಿವೇಕದ್ದಾಗಿರಲಿಲ್ಲ. ಆದರೆ ಅಣ್ಣ ಬಾರದಿದ್ದುದಕ್ಕೂ ನಮ್ಮ ಪುಟಕ್ಕೂ ಸಂಬಂಧ ಇದೆಯೇ ಎಂಬುದೇ ಇನ್ನೂ ನನಗೆ ಖಚಿತವಿರಲಿಲ್ಲ. ಖಚಿತವಿಲ್ಲದ್ದರ ಬಗ್ಗೆ ಒಂದು ಸಾಲನ್ನೂ ಬರೆಯಬಾರದು. ಸಂಬಂಧ ಇದ್ದರೆ, ದಿವಸದ, ಅಂದರೆ ತಿಥಿಯ, ಕಾರ್ಯಕ್ಕೆ ಮೊದಲು ಎರಡೂ ಮನೆಯವರಿಗೆ ಅದು ತಿಳಿಯಬೇಕು. ದಿವಸಕ್ಕೂ ತವರಿನವರು ಬಾರದೆ ಹೋದರೆ ಆ ಮನೆಗೂ ಈ ಮನೆಗೂ ಇರುವ ನಂಟು ಅಲ್ಲಿಗೆ ಮುಗಿದಂತೆ. ಹೋಗುತ್ತೇನೆ ಎಂದೆ. ಸಂಪಾದಕರು ಬೇಡ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.

"ನಾನೂ ಬರ್ತೇನ್ರಿ," ಎಂದರು ಪ್ರೋಗ್ರಾಮರ್. "ಅವರು ಕೇಳಿದ್ರ ಹೆಂಗಾತು ಅಂತ ನೀವು ಹೇಳಾವ್ರು?"

ತಿಕೋಟಾದಲ್ಲಿ ಅಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಸ್ ಇಳಿದು ಕೇಳಿದ ಮೊದಲನೆಯವರೇ, "ತಂಗಿ ಮಣ್ಣಿಗೆ ಕರೀಲಿಲ್ಲಲ್ಲ, ಅವರ ಮನಿಯೇನ್ರಿ?" ಎಂದು ದಾರಿ ತೋರಿಸಿದರು. ಊರಿಗೆ ಸುದ್ದಿ ಆ ರೀತಿಯಲ್ಲಿ ತಲುಪಿತ್ತು.

ಅವರು ಅರವತ್ತು ದಾಟಿದ, ದ್ರಾಕ್ಷಿ ತೋಟ ಇರುವ ಮನುಷ್ಯ. ಪತ್ರಿಕೆಯವರು ಎಂದ ಕೂಡಲೆ ಪಡಸಾಲೆಯಲ್ಲಿ ಕೂರಿಸಿ ನೀರು ಕೊಡಿಸಿದರು. ಹಿಂದಿನ ದಿನ ಏನಾಯಿತು ಎಂದು ಮೊದಲು ಅವರಿಂದಲೇ ಕೇಳಿದೆ.

"ನಸುಕಿನ್ಯಾಗ ಅಳಿಯ ಫೋನ್ ಮಾಡಿದ್ದ. ಅವ್ವ ಹೋದ್ಲು, ಬರ್ರಿ ಅಂದ. ಅತ್ತಾ ಅಂವ. ನಾನೂ ಅತ್ತೆ. ಸೊಸಿ ಫೋನ್‌ನ್ಯಾಗ ನಿಮ್ಮದು ತೆಗದು ತೋರಿಸಿದ್ಲು. ಟೈಮ್ ಇರಲಿಲ್ಲ. ನಮ್ಮ ಸಲುವಾಗಿ ಕಾಯಾಕತ್ತಾರ ಅನಕೊಂಡೆ. ಸೀರಿ ಅಂಗಡಿ ಇನ್ನಾ ತೆಗದಿರಲಿಲ್ಲ. ಅದರ ಮೆಟ್ಟಲ ಮ್ಯಾಲೆ ಕುಂತೆ. ಹಸರ ಸೀರಿ ತೊಗೋಬೇಕಂತಿದ್ದೆ, ಮುತ್ತೈದಿ ಅಕಿ. ಅಂಗಡಿಯಂವ ಬಂದು ಬಾಗಲಾ ಎತ್ತಾಕತ್ತಿದ್ದ. ಅಷ್ಟೊತ್ತಿಗೆ ನಮ್ಮ ಬಳಗದ ಗುಂಪಿನ್ಯಾಗ ನಿಮ್ಮ ಮೆಸೇಜ್ ಬಂತು. ಹನ್ನೊಂದಕ್ಕ. ಆಗಲೇ ಹತ್ತು ಹೊಡದಿತ್ತು. ಇಲ್ಲಿಂದ ಹನ್ನೊಂದಕ್ಕ ಹೆಂಗ ಮುಟ್ಟೂದ್ರಿ ಮಮದಾಪುರ?"

"ಫೋನ್ ಮಾಡಿ ಕೇಳಬಹುದಿತ್ತಲ್ರಿ," ಎಂದೆ.

"ಏನಂತ ಕೇಳ್ಲಿ? ನಾ ಬರಾತನ ತಡೀರಪಾ ಅಂತ ಬೇಡ್ಲೇನು? ಹ್ವಾದ ವರ್ಷ ತಂಗಿ ಮಗಳ ಲಗ್ನಪತ್ರಿಕಿ ಒಳಗ ನನ್ನ ಹೆಸರು ಬಿಟ್ಟಿದ್ರು. ಪ್ರೆಸ್ಸಿನವರದು ತಪ್ಪು ಅಂದ್ರು, ಸುಮ್ನಾದೆ. ಈಗ ಸತ್ತ ತಂಗಿಗೂ ತವರು ಬ್ಯಾಡಾತು ಅನಕೊಂಡೆ. ಅಂಗಡಿ ಮುಂದ ಇದ್ದ ಮಂದಿಗೆಲ್ಲ ಹಂಗ ಹೇಳಿದೆ. ಫೋನ್ ಬಂದ್ ಮಾಡಿ ಮನಿಗೆ ಬಂದು ಮಲಗಿದೆ."

ಆಗ ನಾವು ಬಂದ ಕಾರಣ ಹೇಳಿದೆ. ಆ ಸಮಯವನ್ನು ಅಳಿಯಂದಿರು ಕೊಟ್ಟಿರಲಿಲ್ಲ, ಅದು ಬೇರೊಬ್ಬರ ಮಣ್ಣಿನ ಸಮಯ, ನಮ್ಮ ಪುಟದ ದೋಷದಿಂದ ಅವರ ತಂಗಿಯ ಹೆಸರಿನ ಮುಂದೆ ಬಂತು ಎಂದೆ. ಪ್ರೋಗ್ರಾಮರ್ ತಮ್ಮ ಫೋನಿನಲ್ಲಿ ಎರಡೂ ವಾರ್ತೆಗಳನ್ನು ತೋರಿಸಿ, ಮೇಲಿನದು ಕೆಳಗಿನದಕ್ಕೆ ಹೇಗೆ ಹೋಗಿ ಕೂತಿತು ಎಂದು ಬಿಡಿಸಿ ಹೇಳಿದರು. ಅಣ್ಣ ಫೋನಿನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಅಂದ್ರ, ಕಾದ್ರೇನು ಅವರು?"

"ಕಾದ್ರು."

"ಎಲ್ಲೀತನಕ?"

"ಹೊತ್ತು ಇಳಿಯೂತನಕ ಅಂತ ಹೇಳಿದ್ರು. ನಿಮಗ ಫೋನ್ ಹಚ್ಚಿದ್ರಂತ."

ಒಳಗಿನಿಂದ ಸೊಸೆ ಬಂದು ಬಾಗಿಲಲ್ಲಿ ನಿಂತು ಮತ್ತೆ ಒಳಗೆ ಹೋದರು.

"ಇದನ್ನ ಹೇಳಾಕ ನೀವು ಬರಬಾರದಿತ್ರಿ ಸಾಹೇಬ್ರ," ಎಂದರು ಅಣ್ಣ. "ನಿನ್ನೆಯಿಂದ ಸಿಟ್ಟರೆ ಇತ್ತು ನನ್ನ ಹತ್ತರ. ಈಗ ಅದೂ ಇಲ್ಲ."

ತಪ್ಪು ಮಾಹಿತಿಯನ್ನು ತಿದ್ದಿದರೆ ನೊಂದವರಿಗೆ ಸ್ವಲ್ಪವಾದರೂ ಹಗುರಾಗುತ್ತದೆ ಎಂಬ ನಂಬಿಕೆಯಲ್ಲಿ ಈ ವೃತ್ತಿಯಲ್ಲಿ ಇಷ್ಟು ವರ್ಷ ನಡೆದಿದ್ದೆ. ನಾವು ಆ ಮನೆಗೆ ಬರುವ ಮೊದಲು ಅವರು ಅನ್ಯಾಯಕ್ಕೆ ಒಳಗಾದವರಾಗಿದ್ದರು. ನಾವು ಎದ್ದು ಹೊರಡುವಾಗ ತಂಗಿಯನ್ನು ಕಾಯಿಸಿದವರಾಗಿದ್ದರು. ಬದಲಾಗಿದ್ದು ಅಷ್ಟೇ.

ಮರುದಿನ ಬಬಲೇಶ್ವರದಲ್ಲಿ ಬಸ್ ಬದಲಿಸಿ ಮಮದಾಪುರಕ್ಕೆ ಹೋದೆವು. ಕೆರೆಯ ಕಡೆ ಕುರಿಗಳನ್ನು ಹೊಡೆದುಕೊಂಡು ಹೊರಟವರು ದಾರಿ ಬಿಟ್ಟುಕೊಟ್ಟರು. ಮನೆಯ ಮುಂದೆ ಚಾಪೆ ಹಾಸಿತ್ತು. ಫೋನ್ ಮಾಡಿದ್ದ ಮಗ ನಿಂತೇ ಎಲ್ಲವನ್ನೂ ಕೇಳಿದರು. ಗೋಡೆಗೆ ಒರಗಿ ಕೂತಿದ್ದ ಅವರ ತಂದೆ, ತೀರಿಕೊಂಡವರ ಗಂಡ, ಕೇಳುತ್ತಿದ್ದಾರೋ ಇಲ್ಲವೋ ತಿಳಿಯುವಂತಿರಲಿಲ್ಲ.

"ಖರೆ ಇರಬಹುದ್ರಿ," ಎಂದರು ಮಗ. "ಹನ್ನೊಂದು ಅಂತ ಹಾಕಿದ್ದು ನಿಮ್ಮ ಕಂಪ್ಯೂಟರ್. ಫೋನ್ ಬಂದ್ ಮಾಡಿದ್ದ್ಯಾರು? ಅದೂ ಕಂಪ್ಯೂಟರೇನ್ರಿ?"

ಪ್ರೋಗ್ರಾಮರ್ ತಡೆಯಲಾರದೆ ಹೇಳಿದರು. "ಅಣ್ಣಾರ, ಅವರಿಗೆ ಗೊತ್ತಿರಲಿಲ್ರಿ. ದಿವಸಕ್ಕರೆ ಒಂದ್ಸಲ ಫೋನ್ ಹಚ್ಚಿ ಕರೀರಿ."

"ಹಚ್ಚಿನಲ್ಲವಾ. ಎಷ್ಟ್ ಸಲ ಅಂತ ನಾ ಎಣಿಸಿಲ್ಲ." ಅವರ ದನಿ ಏರಲಿಲ್ಲ. "ನಾವು ಕಾಯೂದಿಲ್ಲ ಅಂತ ಅಂವ ಹೆಂಗ ನಂಬಿದ? ಅವ್ವನ್ನ ಕೊಟ್ಟು ನಲವತ್ತು ವರ್ಷ ಆತು. ಒಂದು ಮೆಸೇಜ್ ನೋಡಿ ನಂಬಿಬಿಟ್ಟನಲ್ಲ. ಅದು ನಿಮ್ಮ ತಪ್ಪಲ್ಲ ಬಿಡ್ರಿ, ಅದಕ್ಕ ನೀವ್ಯಾಕ ಬರ್ತೀರಿ."

ಆಗ ತಂದೆ ಮಾತಾಡಿದರು. ಯಾರನ್ನೂ ನೋಡದೆ, ಎದುರಿನ ಬಾಗಿಲ ಕಡೆ ಕೈ ಮಾಡಿ ಹೇಳಿದರು. "ಅಕೀನ್ನ ಬಾಗಲಿಗೆ ಮಾರಿ ಮಾಡಿ ಕುಂದ್ರಿಸಿದ್ವಿ. ಅಣ್ಣ ಬರೂದು ಕಾಣ್ಲಿ ಅಂತ."

ಮಗ ನಮ್ಮನ್ನು ರಸ್ತೆಯವರೆಗೆ ಕಳಿಸಲು ಬಂದರು. ತಿದ್ದುಪಡಿಯಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದರು. ಸಮಯ ತಪ್ಪಾಗಿತ್ತು, ಮನೆಯವರು ಅದನ್ನು ಕೊಟ್ಟಿರಲಿಲ್ಲ ಎಂದು ಬರೆಯುತ್ತೇವೆ ಎಂದೆ.

"ಅಷ್ಟ ಬರೀರಿ. ಯಾರು ಬಂದ್ರು, ಯಾರು ಬರಲಿಲ್ಲ, ಯಾರು ಕಾದ್ರು, ಅದ್ಯಾವುದೂ ಬ್ಯಾಡ. ನಮ್ಮ ಮನಿ ಮಾತು ಇನ್ನ ನಿಮ್ಮ ಪುಟದಾಗ ಬರಬಾರದು." ಮಾತು ಕೊಟ್ಟೆ.

ಹಿಂದಿರುಗುವ ಬಸ್ಸಿನಲ್ಲಿ ಪ್ರೋಗ್ರಾಮರ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಇನ್ನು ಮುಂದೆ ಪುಟದಲ್ಲಿ ಮಣ್ಣಿನ ಸಮಯವೇ ಬೇಡ, ಆ ಟ್ಯಾಗನ್ನು ತೆಗೆದುಬಿಡುತ್ತೇನೆ ಎಂದರು. ದೋಷ ಸರಿಹೋಗಿದೆಯಲ್ಲ ಎಂದೆ. "ಸರಿ ಆಗೇತ್ರಿ," ಎಂದರು. "ಆದ್ರೂ ಬ್ಯಾಡ." ಸಂಪಾದಕರೂ ಮರುಮಾತಿಲ್ಲದೆ ಒಪ್ಪಿದರು. ಅಂದಿನಿಂದ ನಮ್ಮ ನಿಧನ ವಾರ್ತೆಗಳಲ್ಲಿ ಹೆಸರು, ಊರು, ಮನೆಯವರ ಫೋನ್ ನಂಬರ್ ಇಷ್ಟೇ ಬರುತ್ತವೆ. ಎಷ್ಟು ಹೊತ್ತಿಗೆ ಎಂದು ತಿಳಿಯಬೇಕಾದವರು ಮನೆಗೇ ಫೋನ್ ಮಾಡಿ ಕೇಳಬೇಕು.

ತಿದ್ದುಪಡಿ ಪತ್ರಿಕೆಯಲ್ಲೂ ಜಾಲತಾಣದಲ್ಲೂ ಬಂತು. ಮಾತು ಕೊಟ್ಟಷ್ಟೇ ಬರೆದಿದ್ದೆ.

ಅದು ಬಂದ ದಿನ ಮಧ್ಯಾಹ್ನ ತಿಕೋಟಾದ ಅಣ್ಣ ಕಚೇರಿಗೆ ಬಂದರು. ಮೆಟ್ಟಿಲು ಹತ್ತಿ ದಣಿದಿದ್ದರು. ಪತ್ರಿಕೆಯನ್ನು ಮಡಿಸಿ ಕೈಯಲ್ಲಿ ಹಿಡಿದಿದ್ದರು.

"ಓದಿದೆ," ಎಂದರು. "ಟೈಮ್ ತಪ್ಪಿತ್ತು ಅಂತ ಐತಿ. ಅವರು ಕಾದಿದ್ರು ಅಂತ ಇಲ್ಲಲ್ರಿ?"

ಇಲ್ಲ ಎಂದೆ.

"ಅದನ್ನ ಹಾಕ್ರಿ. ನನ್ನ ಹೆಸರು ಹಾಕಿ ಬರೀರಿ. ತಂಗಿ ಮನಿಯವರು ಹೊತ್ತು ಇಳಿಯೂತನಕ ಕಾದ್ರು, ಅಣ್ಣ ಹೋಗಲಿಲ್ಲ ಅಂತ. ತಿಕೋಟಾ ಬಜಾರದಾಗ ನಿಂತು ಅವರು ಕಾಯಲಿಲ್ಲ ಅಂತ ಹೇಳಿದವ ನಾ. ಇಡೀ ಊರು ಆ ಮನಿಗೆ ಬೈಯ್ಯಾಕತ್ತೇತಿ. ನನ್ನ ಮಾತು ನಾ ಹೆಂಗ ವಾಪಸ್ ತೊಗೊಳ್ಲಿ? ನಿಮ್ಮ ಪೇಪರ್ ಎಲ್ಲಾರ ಮನಿಗೂ ಹೋಗತೈತಿ."

ಅವರ ಅಳಿಯನಿಗೆ ಕೊಟ್ಟ ಮಾತನ್ನು ತಿಳಿಸಿದೆ. ಯಾರು ಬಂದರು, ಯಾರು ಕಾದರು ಎಂಬುದು ಪತ್ರಿಕೆಯಲ್ಲಿ ಬರಬಾರದು ಎಂದು ಆ ಮನೆಯವರೇ ಕೇಳಿಕೊಂಡಿದ್ದಾರೆ, ಅದನ್ನು ಮೀರುವಂತಿಲ್ಲ ಎಂದೆ.

"ಅಂವ ಹಂಗಂದನೇನು?"

"ಹೌದ್ರಿ."

"ದಿವಸಕ್ಕ ನನ್ನ ಕರೀತಾರೇನು, ಏನರೆ ಅಂದ್ರೇನು?"

ಏನೂ ಹೇಳಲಿಲ್ಲ ಎಂದೆ. ಅದೇ ನಿಜವಾಗಿತ್ತು. ಅವರು ತಲೆಯಾಡಿಸಿದರು. ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟು ಎದ್ದರು.

ಹೊರಗೆ ಬಾಗಿಲ ಪಕ್ಕದಲ್ಲಿ ಜಾಹೀರಾತು ತೆಗೆದುಕೊಳ್ಳುವ ಮೇಜು ಇದೆ. ಅಲ್ಲಿ ಕೂರುವ ಹೆಣ್ಣುಮಗಳಿಗೆ ಈ ವಿಷಯ ಯಾವುದೂ ತಿಳಿದಿರಲಿಲ್ಲ. ಅಣ್ಣ ಆ ಮೇಜಿನ ಮುಂದೆ ನಿಂತದ್ದು ನನಗೆ ಒಳಗಿನಿಂದ ಕಾಣಿಸುತ್ತಿತ್ತು, ಮಾತೂ ಕೇಳಿಸಿತು.

"ಯವ್ವಾ, ಮಮದಾಪುರದಾಗ ನನ್ನ ತಂಗಿ ಮನಿಯವರು ನನ್ನ ಸಲುವಾಗಿ ಹೊತ್ತು ಇಳಿಯೂತನಕ ಕಾದಿದ್ರು. ನಾ ಹೋಗಲಿಲ್ಲ."

ಆಕೆ ಪೆನ್ನು ಎತ್ತಿಕೊಂಡು, "ಪೇಪರ್‌ನ್ಯಾಗ ಹಾಕಾಕ ಕೊಡಾವ್ರೇನ್ರಿ?" ಎಂದು ಕೇಳಿದರು.

"ಇಲ್ಲವ್ವಾ. ನಿಂಗ ಹೇಳಿದೆ," ಎಂದು ಹೇಳಿ, ಕಟಾಂಜನ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದರು.